ರಾತ್ರಿ ಹಳ್ಳ ಬಂದರೆ ತಾನೇ ಎದ್ದು ಕೂಗುವ ರೇಡಿಯೋ: ನಮ್ಮ ಕಡೆ ಮಾಡಬಹುದಾ?

ಬೆಣ್ಣಿಹಳ್ಳದ ದಂಡೆ (ನವಲಗುಂದ ತಾಲೂಕು)

ನಮ್ಮ ಹೊಲ ಬೆಣ್ಣಿಹಳ್ಳಕ್ಕೆ ಹತ್ತಿಕೊಂಡೇ ಇದೆ. ಈ ಹಳ್ಳದ ಗುಣ ಈ ಕಡೆಯವರಿಗೆ ಹೇಳಬೇಕಿಲ್ಲ. ಹುಟ್ಟುವುದು ಶಿಗ್ಗಾವಿ ತಾಲೂಕಿನ ದುಂಡಶಿ ಹತ್ತಿರ. ಕುಂದಗೋಳ, ಹುಬ್ಬಳ್ಳಿ ಕಡೆಯ ನೀರೆಲ್ಲ ಸೇರಿಸಿಕೊಂಡು ನಮ್ಮಲ್ಲಿಗೆ ಬರುತ್ತದೆ. ಅಲ್ಲಿ ಸಂಜೆ ಜೋರು ಮಳೆ ಆಗಿರುತ್ತದೆ, ನಮ್ಮ ಎರೆಹೊಲದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಮೇಲೆ ಚುಕ್ಕಿ ಕಾಣುತ್ತಿರುತ್ತವೆ. ಹೊಲದ ಮನೆಯಲ್ಲಿ ಮಲಗಿದವರು ಎದ್ದು ನೋಡುವಷ್ಟರಲ್ಲಿ ದನಗಳು ನೀರಿನಲ್ಲಿ ನಿಂತಿರುತ್ತವೆ.

ಅಪ್ಪ ರಾತ್ರಿ ಫೋನ್ ಸ್ವಿಚ್ ಆಫ್ ಮಾಡಿಯೇ ಮಲಗುತ್ತಾರೆ. ಚಾರ್ಜ್ ಉಳಿಸಬೇಕಲ್ಲ. ಆದರೆ ರೇಡಿಯೋ ತಲೆದಿಂಬಿನ ಹತ್ತಿರವೇ ಇರುತ್ತದೆ. ಆ ರೇಡಿಯೋ ಸುಮ್ನೆ ಮಲಗಿದ್ದು, ಹಳ್ಳ ಬರುವ ಸುದ್ದಿ ಬಂದಾಗ ಮಾತ್ರ ತಾನೇ ಎದ್ದು ಕೂಗಬೇಕು. ಅದೂ ನಮ್ಮ ಊರಿಗೆ ಸಂಬಂಧಪಟ್ಟಿದ್ದರೆ ಮಾತ್ರ. ಇಂಥದ್ದು ಎಲ್ಲಾದರೂ ಇದೆಯಾ? ನಾವೇ ಮಾಡಿಕೊಳ್ಳಬಹುದಾ? ದಯವಿಟ್ಟು ಆ್ಯಪ್ ಹಾಕಿಕೊಳ್ಳಿ ಅನ್ನಬೇಡಿ.

ಗೋಕುಲ ರೋಡ್ (ಹುಬ್ಬಳ್ಳಿ)

ಆ್ಯಪ್ ಅನ್ನಲ್ಲ ಬಿಡಿ. ಆದರೆ ಫೋನ್ ಸಾಕಲ್ವಾ? 2023ರ ಅಕ್ಟೋಬರ್ 12ಕ್ಕೆ ಎಲ್ಲರ ಫೋನ್ ಒಮ್ಮೆಲೇ ಕೂಗಿತ್ತು, ನೆನಪಿದೆಯಾ? ಸೈಲೆಂಟ್‌ನಲ್ಲಿ ಇಟ್ಟಿದ್ದೂ ಕೂಗಿತು. ನಮ್ಮ ಆಫೀಸಿನಲ್ಲಿ ಒಬ್ಬರು ಫೋನ್ ಸಿಡಿಯುತ್ತೆ ಅಂತ ಹೊರಗೆ ಓಡಿದ್ದರು. ಅದು ಕರ್ನಾಟಕದಲ್ಲಿ ಮಾಡಿದ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಅದು ಇರುವಾಗ ಮತ್ತೊಂದು ಡಬ್ಬಿ ಯಾಕೆ?

ಹಳೇ ಟ್ರಾನ್ಸಿಸ್ಟರ್ (ಧಾರವಾಡ)

ಗೋಕುಲ ರೋಡ್ ಅವರೇ, ಸೆಲ್ ಬ್ರಾಡ್‌ಕಾಸ್ಟ್ ಒಳ್ಳೆಯ ವ್ಯವಸ್ಥೆಯೇ. ಎಸ್ಸೆಮ್ಮೆಸ್‌ನಂತೆ ಒಂದೊಂದು ನಂಬರಿಗೆ ಹೋಗುವುದಿಲ್ಲ. ಟವರ್ ಒಂದೇ ಸಲ ಎಲ್ಲರಿಗೂ ಬಿತ್ತರಿಸುತ್ತದೆ, ಹಾಗಾಗಿ ಲೈನ್ ಜಾಮ್ ಆಗುವ ಮಾತಿಲ್ಲ. ಯಾವ ಟವರ್‌ನಿಂದ ಕಳಿಸಬೇಕು ಅನ್ನುವುದನ್ನೂ ಆರಿಸಬಹುದು. ಇದರ ಬೆನ್ನಿಗೆ ಕೇಂದ್ರ ಸರ್ಕಾರದ ಟೆಲಿಕಾಂ ಸಂಸ್ಥೆ ಸಿ-ಡಾಟ್ ಕಟ್ಟಿದ, ಎಚ್ಚರಿಕೆ ಹಂಚುವ ಸಚೇತ್ ವೇದಿಕೆ ಇದೆ. ಹವಾಮಾನ ಇಲಾಖೆ, ರಾಜ್ಯದ ವಿಪತ್ತು ಪ್ರಾಧಿಕಾರ ಎಲ್ಲರೂ ಕ್ಯಾಪ್ ಅನ್ನುವ ಒಂದೇ ನಮೂನೆಯಲ್ಲಿ ಎಚ್ಚರಿಕೆ ಬರೆಯುತ್ತಾರೆ. ಅದರಲ್ಲಿ ಏನು ಅಪಾಯ, ಎಷ್ಟು ತುರ್ತು, ಎಲ್ಲಿಂದ ಎಲ್ಲಿಯವರೆಗೆ ಅಂತ ಬೇರೆ ಬೇರೆ ಖಾನೆ ಇರುತ್ತವೆ.

ಆದರೆ ಆಫ್ ಆದ ಫೋನ್ ಕೂಗುವುದಿಲ್ಲ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಇಳಿದರೆ ಆನ್ ಇದ್ದ ಫೋನೂ ಕೂಗುವುದಿಲ್ಲ. ಮಳೆಗಾಲದ ರಾತ್ರಿ ಎರಡೂ ಒಟ್ಟಿಗೇ ಆಗುತ್ತವೆ.

ಬೆಣ್ಣಿಹಳ್ಳದವರು ಕೇಳಿದ ರೇಡಿಯೋ ಅಮೆರಿಕದಲ್ಲಿ ಬಹಳ ವರ್ಷದಿಂದ ಇದೆ. ಅಲ್ಲಿ ಹವಾಮಾನಕ್ಕೇ ಅಂತ ಬೇರೆ ಪ್ರಸಾರ ಉಂಟು. 162.400ರಿಂದ 162.550 ಮೆಗಾಹರ್ಟ್ಜ್ ನಡುವೆ ಏಳು ಚಾನೆಲ್, ಸಾವಿರಕ್ಕೂ ಹೆಚ್ಚು ಟ್ರಾನ್ಸ್‌ಮೀಟರ್. ಮೊದಲ ಸೆಟ್‌ಗಳು 1050 ಹರ್ಟ್ಜ್‌ನ ಒಂದು ಟೋನ್ ಕೇಳಿದರೆ ಎದ್ದುಬಿಡುತ್ತಿದ್ದವು. ಎಲ್ಲೋ ದೂರದಲ್ಲಿ ಗಾಳಿ ಎದ್ದರೂ ಕೂಗು. ಜನ ಬೇಸತ್ತು ಪ್ಲಗ್ ಕಿತ್ತರು. ಆಮೇಲೆ ಸೇಮ್ ಅನ್ನುವ ಕೋಡ್ ಬಂತು. ಎಚ್ಚರಿಕೆಯ ಮುಂದೆ ಮೋಡೆಮ್ ಥರ ಕಿರ್ ಕಿರ್ ಅಂತ ಒಂದು ಸಾಲು ಹೋಗುತ್ತದೆ: ಕಳಿಸಿದ್ದು ಯಾರು, ಏನು ಅಪಾಯ, ಯಾವ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಎಷ್ಟು ಹೊತ್ತು. ಕೌಂಟಿಗೆ ಆರು ಅಂಕಿಯ ನಂಬರು. ಆ ಸಾಲನ್ನು ಮೂರು ಸಲ ಕಳಿಸುತ್ತಾರೆ, ಮೂರರಲ್ಲಿ ಎರಡು ಹೊಂದಿದರೆ ಸೆಟ್ ನಂಬುತ್ತದೆ. ನಿಮ್ಮ ಕೌಂಟಿಯ ನಂಬರು ಇಲ್ಲದಿದ್ದರೆ ಬಾಯಿ ಬಿಡುವುದಿಲ್ಲ. ಜಪಾನಿನಲ್ಲೂ 1985ರಿಂದ ಇಂಥ ಸಂಕೇತ ಇದೆ, ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಕಳಿಸಿದರೆ ಮಲಗಿದ ಸೆಟ್ ಏಳುತ್ತದೆ.

ಕೂಗುವುದನ್ನು ಯಾವ ರೇಡಿಯೋಗೂ ಕಲಿಸಬಹುದು. ಯಾವಾಗ ಸುಮ್ಮನಿರಬೇಕು ಅನ್ನುವುದನ್ನು ಕಲಿಸುವುದೇ ಕಷ್ಟದ ಕೆಲಸ.

ವಿದ್ಯಾನಗರ ಲ್ಯಾಬ್ (ಹುಬ್ಬಳ್ಳಿ)

ನಾನು ಇಸಿ (ಎಲೆಕ್ಟ್ರಾನಿಕ್ಸ್) ಇಂಜಿನಿಯರಿಂಗ್ ಕೊನೆ ವರ್ಷ. ಇದು ಪ್ರಾಜೆಕ್ಟ್‌ಗೆ ಭಾರಿ ಚಲೋ ವಿಷಯ.

ಎಫ್‌ಎಂನಲ್ಲೇ ಒಂದು ದಾರಿ ಇದೆ. ಎಫ್‌ಎಂ ಪ್ರಸಾರದ ಜೊತೆ 57 ಕಿಲೋಹರ್ಟ್ಜ್ ಮೇಲೆ ಆರ್‌ಡಿಎಸ್ ಅನ್ನುವ ಸಣ್ಣ ಡೇಟಾ ಕಳಿಸಬಹುದು. ಸೆಕೆಂಡಿಗೆ 1187.5 ಬಿಟ್, ಅಷ್ಟೇ. ಕಾರಿನ ಸ್ಟೀರಿಯೋದಲ್ಲಿ ಸ್ಟೇಷನ್ ಹೆಸರು ಮೂಡುವುದು ಇದರಿಂದಲೇ. ಅದರಲ್ಲಿ ಕಾರ್ಯಕ್ರಮದ ಬಗೆ ಹೇಳುವ ನಂಬರು ಇರುತ್ತದೆ. 31 ಅಂದರೆ ಅಪಾಯ, 30 ಅಂದರೆ ಅದರ ಪರೀಕ್ಷೆ. ಈ ಡೇಟಾ ಓದುವ ಆರ್‌ಡಿಎ 5807ಎಂ ಚಿಪ್ ಆನ್‌ಲೈನ್‌ನಲ್ಲಿ ತುಂಬಾ ಅಗ್ಗ.

ಬ್ಯಾಟರಿ ಲೆಕ್ಕ ನೋಡಿ. ಚಿಪ್‌ಗೆ ಸುಮಾರು 20 ಮಿಲಿಆ್ಯಂಪ್, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್, ಅಂದರೆ ಮೈಕ್ರೋಕಂಟ್ರೋಲರ್‌ಗೆ 5. ಒಟ್ಟು 25. ಪವರ್ ಬ್ಯಾಂಕಿನೊಳಗೆ ಇರುವಂಥ 2500 ಮಿಲಿಆ್ಯಂಪ್-ಅವರ್ ಸೆಲ್ ಹಾಕಿದರೆ 100 ಗಂಟೆ. ನಾಲ್ಕು ದಿನಕ್ಕೆ ಖಾಲಿ. ಕರೆಂಟ್ ವಾರಗಟ್ಟಲೆ ಹೋದರೆ ಮುಗೀತು.

ಹಳೇ ಟ್ರಾನ್ಸಿಸ್ಟರ್ (ಧಾರವಾಡ)

ತಮ್ಮಾ, ಅದನ್ನು ಸದಾ ಎಚ್ಚರ ಇಡುವುದು ಯಾಕೆ? 1050ರ ಟೋನ್ 8ರಿಂದ 10 ಸೆಕೆಂಡ್ ಇರುತ್ತದೆ. ಆರು ಸೆಕೆಂಡಿಗೊಮ್ಮೆ ಒಂದು ಸೆಕೆಂಡ್ ಎದ್ದು ಕಿವಿಗೊಟ್ಟರೆ ಸಾಕು, ಟೋನ್ ತಪ್ಪುವುದಿಲ್ಲ. ಖರ್ಚು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಸೆಲ್ ಮೂರು ವಾರ ದಾಟುತ್ತದೆ.

ಆದರೆ ಅಮೆರಿಕದ ಕ್ರಮವನ್ನು ಇದ್ದ ಹಾಗೇ ತಂದರೆ ಕೆಡುತ್ತದೆ. ಅಲ್ಲಿ ಕೋಡ್ ಮೊದಲು, ಟೋನ್ ಆಮೇಲೆ. ಗೋಡೆಯ ಪ್ಲಗ್‌ನಲ್ಲಿ ಕೂತು ಸದಾ ಕೇಳುತ್ತಿರುವ ಸೆಟ್‌ಗೆ ಅದು ಸರಿ. ನಮ್ಮದು ಮಲಗಿ ಏಳುವ ಸೆಟ್. ಅದು ಟೋನ್ ಕೇಳಿ ಏಳುವಷ್ಟರಲ್ಲಿ ಕೋಡ್ ಹೋಗಿಯೇಬಿಟ್ಟಿರುತ್ತದೆ. ನಮ್ಮಲ್ಲಿ ಟೋನ್ ಮೊದಲು ಬರಬೇಕು, ಊರಿನ ಕೋಡ್ ಆಮೇಲೆ. ಡಂಗುರದವನು ಮೊದಲು ಹಲಗೆ ಬಡಿದು ಆಮೇಲೆ ಸುದ್ದಿ ಹೇಳುತ್ತಾನಲ್ಲ, ಹಾಗೆ.

ವಿದ್ಯಾನಗರ ಲ್ಯಾಬ್ (ಹುಬ್ಬಳ್ಳಿ)

ಸರ್, ಇದು ಸೂಪರ್. ಟೋನ್ ಹಿಡಿಯಲು ಗೋರ್ಟ್‌ಜೆಲ್ ಅಲ್ಗಾರಿದಂ ಹಾಕಿದರೆ ಆಯ್ತು. ಪೂರ್ತಿ ಸ್ಪೆಕ್ಟ್ರಮ್ ಲೆಕ್ಕ ಹಾಕಬೇಕಿಲ್ಲ, ಒಂದು ಫ್ರೀಕ್ವೆನ್ಸಿ ಇದೆಯಾ ಇಲ್ವಾ ಅಂತ ಮಾತ್ರ ನೋಡುತ್ತದೆ. ಎಂಟು ಬಿಟ್‌ನ ಕಂಟ್ರೋಲರ್‌ಗೂ ಆಗುತ್ತದೆ.

ಊರಿನ ಕೋಡ್‌ಗೆ ಹೊಸ ನಂಬರ್ ಕಟ್ಟುವುದೂ ಬೇಡ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಜಿಲ್ಲೆ, ತಾಲೂಕು, ಗ್ರಾಮಕ್ಕೂ ಕೋಡ್ ಕೊಟ್ಟಿದ್ದಾರೆ. ತಾಲೂಕಿನ ಕೋಡ್ ತೆಗೆದುಕೊಂಡರೆ ಮುಗೀತಲ್ವಾ?

ಬೆಣ್ಣಿಹಳ್ಳದ ದಂಡೆ (ನವಲಗುಂದ ತಾಲೂಕು)

ಇಲ್ಲೇ ನನ್ನ ತಕರಾರು. ಧಾರವಾಡ ಜಿಲ್ಲೆಗೆ ಹಳದಿ ಅಲರ್ಟ್ ಅಂತ ಬರುತ್ತದೆ. ಕಲಘಟಗಿ ಮಲೆನಾಡಿನ ಸೆರಗು, ಅಣ್ಣಿಗೇರಿ ಬಯಲು. ಎರಡಕ್ಕೂ ಒಂದೇ ಬಣ್ಣ! ತಾಲೂಕಿಗೆ ಇಳಿಸಿದರೂ ನಮ್ಮ ಕೆಲಸ ಆಗಲ್ಲ. ಮಳೆ ಬಿದ್ದದ್ದು ಕುಂದಗೋಳ ತಾಲೂಕಿನಲ್ಲಿ, ನೀರು ಬರುವುದು ನವಲಗುಂದ ತಾಲೂಕಿಗೆ. ಮಳೆಯ ಜಾಗ ನೋಡಿ ಕೋಡ್ ಕಳಿಸಿದರೆ ಕುಂದಗೋಳದ ರೇಡಿಯೋ ಕೂಗುತ್ತದೆ, ನಮ್ಮದು ಮಲಗಿರುತ್ತದೆ. ಕುಂದಗೋಳದವರಿಗೆ ಮಳೆ ಕಿಟಕಿಯಲ್ಲೇ ಕಾಣುತ್ತಿದೆ, ಅವರಿಗೆ ರೇಡಿಯೋ ಯಾಕೆ ಬೇಕು?

ಕೋಡ್ ಹಳ್ಳದ ಪ್ರಕಾರ ಇರಬೇಕು. ದಂಡೆಯ ಊರುಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ಬರೆದು, ನೀರು ಎಲ್ಲಿಗೆ ಮುಟ್ಟುತ್ತದೋ ಆ ಊರುಗಳ ನಂಬರು ಕಳಿಸಬೇಕು.

ಹಳೇ ಟ್ರಾನ್ಸಿಸ್ಟರ್ (ಧಾರವಾಡ)

ಸರಿಯಾಗಿ ಹೇಳಿದಿರಿ. ಮಲಪ್ರಭೆಗೂ ಇದೇ ಮಾತು. 2019ರ ಆಗಸ್ಟ್‌ನಲ್ಲಿ ಮಳೆ ಜೋರಾದದ್ದು ಮೇಲೆ ಖಾನಾಪುರ ಕಡೆ, ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮುಳುಗಿದ್ದು ನರಗುಂದ ತಾಲೂಕಿನ ಲಖಮಾಪುರ, ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು, ಮೆಣಸಗಿ. ಅಲ್ಲಿಗೆ ಬೇಕಿದ್ದದ್ದು ಮಳೆಯ ಸುದ್ದಿ ಅಲ್ಲ, ಗೇಟಿನ ಸುದ್ದಿ.

ಕಪ್ಪತಗುಡ್ಡದ ನೆರಳು (ಮುಂಡರಗಿ)

ನಿಮ್ಮ ಎಫ್‌ಎಂ ಮಾತೆಲ್ಲ ಹುಬ್ಬಳ್ಳಿ-ಧಾರವಾಡದ ಮಂದಿಗೆ. ನಮ್ಮಲ್ಲಿ ಗುಡ್ಡದ ಈ ಕಡೆ ಬಂದರೆ ಸುಂಯ್ ಅನ್ನುವುದು ಬಿಟ್ಟು ಏನೂ ಬರಲ್ಲ. ಆಂಟೆನಾ ಹಿಡಿದು ಅಂಗಳದಲ್ಲಿ ನಿಂತರೆ ಅರ್ಧ ಹಾಡು. ಫೋನಿನ ಎಫ್‌ಎಂ ಅಂತೂ ಇಯರ್‌ಫೋನ್ ಚುಚ್ಚದೆ ಮಾತೇ ಆಡಲ್ಲ. ರಾತ್ರಿ ಕಿವಿಗೆ ವೈರ್ ಹಾಕಿಕೊಂಡು ಮಲಗಬೇಕಾ?

ಹಳೇ ಟ್ರಾನ್ಸಿಸ್ಟರ್ (ಧಾರವಾಡ)

ಅದಕ್ಕೇ ನನ್ನ ಓಟು ಮೀಡಿಯಂ ವೇವ್‌ಗೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾದದ್ದು. 765 ಕಿಲೋಹರ್ಟ್ಜ್, 200 ಕಿಲೋವ್ಯಾಟ್. ಎಫ್‌ಎಂ ಕಣ್ಣಳತೆಯಲ್ಲಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಮೀಡಿಯಂ ವೇವ್ ನೆಲ ಹಿಡಿದು ಹೋಗುತ್ತದೆ. ಒಣ ಕಲ್ಲುನೆಲಕ್ಕಿಂತ ಹಸಿ ಇರುವ ಎರೆಮಣ್ಣು ಅದಕ್ಕೆ ಒಳ್ಳೆಯದು, ವಿದ್ಯುತ್ ಚೆನ್ನಾಗಿ ಹಾಯುತ್ತದೆ. ಮಳೆಗಾಲದಲ್ಲಿ ನಮ್ಮ ಬಯಲೆಲ್ಲ ಹಸಿ ಎರೆಮಣ್ಣೇ ಅಲ್ವಾ. ಆಂಟೆನಾ ಎಳೆಯುವ ಕೆಲಸವೂ ಇಲ್ಲ, ಒಳಗೇ ಆಂಟೆನಾದ ಕೆಲಸ ಮಾಡುವ ಫೆರೈಟ್ ಕಡ್ಡಿ ಇರುತ್ತದೆ.

ತೊಂದರೆಯೂ ಇದೆ, ಮುಚ್ಚಿಡುವುದು ಬೇಡ. ಸಿಡಿಲಿನ ಹೊತ್ತಿಗೇ ಮೀಡಿಯಂ ವೇವ್‌ನಲ್ಲಿ ಕರಕರ ಜಾಸ್ತಿ. ಎಚ್ಚರಿಕೆ ಬೇಕಾದಾಗಲೇ ಗದ್ದಲ. ಅಗ್ಗದ ಎಲ್‌ಇಡಿ ಬಲ್ಬ್, ಚಾರ್ಜರ್ ಹಚ್ಚಿದರೂ ಗುಂಯ್ ಅನ್ನುತ್ತದೆ. ಹಾಗಾಗಿ ಕೋಡ್ ನಿಧಾನವಾಗಿ ಹೋಗಬೇಕು, ಹಲವು ಸಲ ಹೋಗಬೇಕು.

ಇನ್ನು ಡಿಆರ್‌ಎಂ. ಆಕಾಶವಾಣಿಯ ಹಲವು ಮೀಡಿಯಂ ವೇವ್ ಕೇಂದ್ರಗಳು ಈ ಡಿಜಿಟಲ್ ಪ್ರಸಾರಕ್ಕೆ ಸಜ್ಜಾಗಿವೆ. ತುರ್ತು ಹೊತ್ತಿನಲ್ಲಿ ಸೆಟ್ ತಾನೇ ಎಚ್ಚರಿಕೆಯ ಚಾನೆಲ್‌ಗೆ ಹಾರುವ, ಪರದೆಯ ಮೇಲೆ ಅಕ್ಷರ ಮೂಡಿಸುವ ಸೌಲಭ್ಯ ಅದರ ಹುಟ್ಟಿನಲ್ಲೇ ಇದೆ. ಕಾಗದದ ಮೇಲೆ ನೋಡಿದರೆ ಇದೇ ಎಲ್ಲಕ್ಕಿಂತ ಸರಿಯಾದದ್ದು. ಆದರೆ ಹೊಸ ಕಾರುಗಳಲ್ಲಿ ಬಂದಂತೆ ಅದು ರೈತನ ಕೈಯ ಸೆಟ್‌ಗೆ ಬಂದಿಲ್ಲ. ಬೆಲೆ ಇಳಿಯದೆ ಬರುವುದೂ ಇಲ್ಲ.

ಸುಮ್ನೆ ಕೇಳ್ತೀನಿ (ಗದಗ)

ಎಲ್ಲ ಓದಿದೆ. ಒಂದೇ ಪ್ರಶ್ನೆ. ಟೋನ್ ಕಳಿಸುವವರು ಯಾರು? ಟ್ರಾನ್ಸ್‌ಮೀಟರ್ ನಿಮ್ಮಪ್ಪಂದಾ, ನಮ್ಮಪ್ಪಂದಾ? ನೀವು ಸಾವಿರ ಡಬ್ಬಿ ಮಾಡಿ ಹಂಚಿದರೂ ಆಕಾಶವಾಣಿಯವರು ಟೋನ್ ಒತ್ತದಿದ್ದರೆ ಅವು ಮಲಗೇ ಇರುತ್ತವೆ.

ಎರಡನೆಯದು, ತಪ್ಪು ಅಲಾರಂ. 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ಬರ್ತಿದೆ ಅಂತ ಎಲ್ಲರ ಫೋನಿಗೂ ಬಂತು. ಅದು ಸುಳ್ಳು ಅಂತ ಮತ್ತೆ ಮೆಸೇಜ್ ಬರಲು 38 ನಿಮಿಷ ಹಿಡಿಯಿತು. ನಮ್ಮಲ್ಲಿ ಒಂದು ಸಲ ಹಾಗಾದರೆ ಸಾಕು, ಡಬ್ಬಿ ಗುಜರಿಗೆ ಹೋಗುತ್ತದೆ.

ವರದಾ ದಂಡೆ (ಹಾವೇರಿ)

ನಾನು ಪಂಚಾಯ್ತಿಯಲ್ಲಿ ಕೆಲಸ ಮಾಡುತ್ತೇನೆ. ಊರು ಹೇಳಲ್ಲ. ಸುದ್ದಿ ಈಗ ಹೇಗೆ ಬರುತ್ತದೆ ಅಂತ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ಚಿಪ್‌ಗಳ ಮಾತು ಆಡಿ.

ಮೇಲಿನಿಂದ ಒಂದು ಪತ್ರದ ಫೋಟೋ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಇಷ್ಟು ಕ್ಯುಸೆಕ್ ನೀರು ಬಿಡಲಾಗುವುದು, ನದಿ ಪಾತ್ರದ ಜನ ಎಚ್ಚರದಿಂದ ಇರಬೇಕು ಅಂತ. ಅದೇ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು, ನರೇಗಾ ಪಟ್ಟಿ. ಪಿಡಿಒ ನೋಡಿದರೆ ಕಸದ ಗಾಡಿಯ ಮೈಕಿನಲ್ಲಿ ಸಾರಿಸುತ್ತಾರೆ. ಗಾಡಿ ಹೊಳೆ ಕಡೆಯ ಕೇರಿಗೆ ಹೋಗುವ ರಸ್ತೆಯಲ್ಲಿ ಮೊದಲೇ ನೀರು ನಿಂತಿರುತ್ತದೆ. ಇನ್ನೊಂದು ದಾರಿ ಗುಡಿಯ ಮೈಕು, ಮಸೀದಿಯ ಮೈಕು. ಕರೆಂಟ್ ಇದ್ದರೆ ಅದೇ ಎಲ್ಲಕ್ಕಿಂತ ಬೇಗ.

ಇಷ್ಟು ಕ್ಯುಸೆಕ್ ಅಂದರೆ ನನ್ನ ಮನೆ ಬಾಗಿಲಿಗೆ ಎಷ್ಟು ಅಂತ ಯಾರಿಗೂ ತಿಳಿಯಲ್ಲ. ಜನ ಕೇಳುವುದು ಮೂರೇ ಮಾತು. ಹೊಳೆ ದಂಡೆಯ ಪಂಪ್‌ಸೆಟ್ ಎತ್ತಬೇಕಾ? ದನ ಬಿಚ್ಚಬೇಕಾ? ಮನೆ ಬಿಡಬೇಕಾ? ನಿಮ್ಮ ರೇಡಿಯೋ ಈ ಮೂರರಲ್ಲಿ ಒಂದನ್ನು ಹೇಳಿದರೆ ನಮ್ಮ ಪತ್ರಕ್ಕಿಂತ ಅದೇ ಮೇಲು.

ಇನ್ನೊಂದು. ನಮ್ಮ ಅತ್ತೆಗೆ ಕಿವಿ ಪೂರಾ ಮಂದ. ಎಂಥ ಟೋನ್ ಹಾಕಿದರೂ ಅವರಿಗೆ ಕೇಳಲ್ಲ. ಆದರೆ ಕೋಣೆಯ ಲೈಟ್ ಹಚ್ಚಿ ಆರಿಸಿದರೆ ತಟ್ಟನೆ ಏಳುತ್ತಾರೆ. ಜೋರು ಮಿನುಗುವ ದೀಪ ಇರಲೇಬೇಕು.

ವಿದ್ಯಾನಗರ ಲ್ಯಾಬ್ (ಹುಬ್ಬಳ್ಳಿ)

ಅಕ್ಕಾ, ಬರೆದುಕೊಂಡೆ. ಡಬ್ಬಿಯ ಮೇಲೆ ಮೂರು ದೀಪ: ಪಂಪ್, ದನ, ಮನೆ. ಪಕ್ಕದಲ್ಲಿ ಅಕ್ಷರ ಬೇಡ, ಚಿತ್ರ. ಕೋಡ್‌ನಲ್ಲಿ ಊರಿನ ನಂಬರ್ ಜೊತೆ ಇನ್ನೊಂದು ಅಂಕಿ ಕಳಿಸಿದರೆ ಯಾವ ದೀಪ ಹತ್ತಬೇಕು ಅಂತ ಗೊತ್ತಾಗುತ್ತದೆ. ಮಾತು ಮೊದಲೇ ಚಿಪ್‌ನಲ್ಲಿ ರೆಕಾರ್ಡ್ ಆಗಿರಲಿ. ಕರಕರ ಎಷ್ಟೇ ಇದ್ದರೂ ಕೋಡ್ ಒಂದು ಸಲ ಸರಿ ಬಂದರೆ ಮಾತು ಸ್ವಚ್ಛವಾಗಿ ಕೇಳುತ್ತದೆ.

ಟ್ರಾನ್ಸ್‌ಮೀಟರ್ ಪ್ರಶ್ನೆಗೆ: ಆಕಾಶವಾಣಿ ಒಪ್ಪುವ ತನಕ ಲೋರಾ ಹಾಕಬಹುದು, ಅಂದರೆ ಕಡಿಮೆ ಪವರ್‌ನಲ್ಲಿ ಸಣ್ಣ ಸಂದೇಶ ದೂರ ಕಳಿಸುವ ರೇಡಿಯೋ. 865–867 ಮೆಗಾಹರ್ಟ್ಜ್‌ನಲ್ಲಿ ಕಡಿಮೆ ಪವರ್‌ಗೆ ಲೈಸೆನ್ಸ್ ಬೇಡ. ಬಯಲಿನಲ್ಲಿ ಎತ್ತರದ ನೀರಿನ ಟ್ಯಾಂಕ್ ಮೇಲೆ ಆಂಟೆನಾ ಇಟ್ಟರೆ ಹಲವು ಕಿಲೋಮೀಟರ್ ಹೋಗುತ್ತದೆ. ಸೇತುವೆಗೆ ನೀರಿನ ಮಟ್ಟ ಅಳೆಯುವ ಅಲ್ಟ್ರಾಸೋನಿಕ್ ಸೆನ್ಸರ್ ಹಾಕಿ, ಅಲ್ಲಿಂದ ಕೆಳಗಿನ ಊರಿಗೆ ನೇರ ಸುದ್ದಿ. ಯಾರ ಗ್ರೂಪೂ ಬೇಡ!

ಸುಮ್ನೆ ಕೇಳ್ತೀನಿ (ಗದಗ)

ಹಾಗಾದರೆ ಯಾರು ಬೇಕಾದರೂ ಕೂಗಿಸಬಹುದು ಅಂದ ಹಾಗಾಯ್ತು. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಯಾರೋ ರೇಡಿಯೋ ಸಂಕೇತ ಕಳಿಸಿ ಊರಿನ 156 ಸೈರನ್‌ಗಳನ್ನು ನಡುರಾತ್ರಿ ಕೂಗಿಸಿದರು. ನಿಮ್ಮ ಟೋನ್, ಕೋಡ್ ಎಲ್ಲ ಬಹಿರಂಗ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ಹುಡುಗರು ಏನು ಮಾಡುತ್ತಾರೆ ಅಂತ ನಿಮಗೇ ಗೊತ್ತಿರಬೇಕು.

ವಿದ್ಯಾನಗರ ಲ್ಯಾಬ್ (ಹುಬ್ಬಳ್ಳಿ)

ಹಹ್ಹಾ, ಗೊತ್ತು. ಕೋಡ್‌ಗೆ ಡಿಜಿಟಲ್ ಸಹಿ ಹಾಕಬೇಕು. ಕಳಿಸುವವರ ಹತ್ತಿರ ಗುಟ್ಟಿನ ಕೀಲಿ, ಡಬ್ಬಿಯಲ್ಲಿ ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ. ಸಮಯವನ್ನೂ ಸೇರಿಸಿ ಸಹಿ ಹಾಕಿದರೆ ಹಳೇ ಎಚ್ಚರಿಕೆ ರೆಕಾರ್ಡ್ ಮಾಡಿ ಮತ್ತೆ ಬಿಡುವುದೂ ನಡೆಯಲ್ಲ. ಸಹಿ ಅಂದರೆ 64 ಬೈಟ್. ಲೋರಾದಲ್ಲಿ ಸಲೀಸು. ಮೀಡಿಯಂ ವೇವ್‌ನಲ್ಲಿ ನಿಧಾನದ ಕೋಡ್ ಆದರೆ ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಹಳೇ ಟ್ರಾನ್ಸಿಸ್ಟರ್ (ಧಾರವಾಡ)

ಸೇತುವೆಯ ಸೆನ್ಸರ್ ನೇರವಾಗಿ ಡಬ್ಬಿ ಕೂಗಿಸುವುದು ನನಗೆ ಒಪ್ಪಿಗೆ ಇಲ್ಲ. ಸೆನ್ಸರ್ ಕೆಳಗೆ ಮುಳ್ಳಿನ ಕಂಟಿ ಬಂದು ಸಿಕ್ಕರೂ ನೀರು ಏರಿದಂತೆ ಕಾಣುತ್ತದೆ. ನಡುವೆ ಒಬ್ಬ ಮನುಷ್ಯ ಇರಲಿ. ಪಂಚಾಯ್ತಿಯ ಪಂಪ್ ಆಪರೇಟರ್ ಒಮ್ಮೆ ನೋಡಿ ಹೌದು ಅಂದ ಮೇಲೆ ಹೋಗಲಿ. ಅವರು ನಿಗದಿತ ಹೊತ್ತಿನಲ್ಲಿ ಉತ್ತರ ಕೊಡದಿದ್ದರೆ ಮಾತ್ರ ತಾನೇ ಹೋಗಲಿ.

ಮೆಣಸಿನಕಾಯಿ ಕಣ (ಬ್ಯಾಡಗಿ)

ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ವರ್ಷಕ್ಕೊಮ್ಮೆ ಕೂಗುವ ಡಬ್ಬಿಗೆ ಯಾರೂ ಚಾರ್ಜ್ ಹಾಕಲ್ಲ. ಗೋಡೆಯ ಗೂಡಿನಲ್ಲಿ ಧೂಳು ತಿನ್ನುತ್ತದೆ. ದಿನಾ ಉಪಯೋಗಕ್ಕೆ ಬರಬೇಕು. ನಮ್ಮಲ್ಲಿ ಕಾಯಿ ಕಣದಲ್ಲಿ ಹರವಿದಾಗ ಸಂಜೆ ಮೋಡ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಒಂದು ಮಳೆ ಬಿದ್ದರೆ ಬಣ್ಣ ಹೋಯ್ತು, ಬಣ್ಣ ಹೋದರೆ ರೇಟು ಹೋಯ್ತು. ತಾಡಪಾಲು ಹೊದಿಸಲು ಅರ್ಧ ಗಂಟೆ ಮೊದಲು ಗೊತ್ತಾದರೂ ಸಾಕು. ಸರ್ಕಾರದ ಹವಾಮಾನ ಸಹಾಯವಾಣಿ ವರುಣ ಮಿತ್ರಕ್ಕೆ ಫೋನ್ ಮಾಡಿ ಕೇಳುತ್ತೇವೆ, ಆದರೆ ನಾವು ಕೇಳಿದಾಗ ಮಾತ್ರ ಅದು ಹೇಳುತ್ತದೆ.

ಮಾಮೂಲಿ ರೇಡಿಯೋನೇ ಇರಲಿ. ಹಾಡು, ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ ಎಲ್ಲ ಬರಲಿ. ಎಚ್ಚರಿಕೆ ಅದರೊಳಗೆ ಕೂತಿರಲಿ.

ವಿದ್ಯಾನಗರ ಲ್ಯಾಬ್ (ಹುಬ್ಬಳ್ಳಿ)

ಒಪ್ಪಿದೆ. ಹಾಗಾದರೆ ಚಿಪ್ ಬದಲಿಸಬೇಕು. 5807ಗೆ ಎಫ್‌ಎಂ ಮಾತ್ರ ಬರುತ್ತದೆ. ಎಸ್‌ಐ 4735 ಹಾಕಿದರೆ ಮೀಡಿಯಂ ವೇವ್, ಎಫ್‌ಎಂ ಎರಡೂ ಸಿಗುತ್ತವೆ. ಬೆಲೆ ಸ್ವಲ್ಪ ಜಾಸ್ತಿ. ಇನ್ನೊಂದು ಆಸೆ: ಎಎಸ್ 3935 ಅನ್ನುವ ಸಿಡಿಲಿನ ಸೆನ್ಸರ್ ಇದೆ. 500 ಕಿಲೋಹರ್ಟ್ಜ್ ಸುತ್ತ ಮಿಂಚಿನ ಸದ್ದು ಕೇಳಿ, 40 ಕಿಲೋಮೀಟರ್ ಒಳಗಿನ ಸಿಡಿಲು ಎಷ್ಟು ದೂರ ಇದೆ ಅಂತ ಅಂದಾಜು ಹೇಳುತ್ತದೆ. ಅದಕ್ಕೆ ಟವರ್ ಬೇಡ, ಆಕಾಶವಾಣಿ ಬೇಡ. ಹೊಲದಲ್ಲಿ ಕಳೆ ತೆಗೆಯುವವರಿಗೆ, ಕಣದಲ್ಲಿ ಇರುವವರಿಗೆ ದಿನಾ ಉಪಯೋಗ.

ಕಪ್ಪತಗುಡ್ಡದ ನೆರಳು (ಮುಂಡರಗಿ)

ಇದು ನಮಗೆ ಬೇಕು. ಮುಂಗಾರಿಗೆ ಮೊದಲು ಬರುವ ಗುಡುಗಿನ ಮಳೆಯಲ್ಲಿ ಕುರಿ ಕಾಯುವವರು ಗಿಡದ ಕೆಳಗೆ ನಿಲ್ಲುತ್ತಾರೆ. ಹೊಳೆಗಿಂತ ನಮಗೆ ಅದರ ಭಯವೇ ಜಾಸ್ತಿ.

ಸುಮ್ನೆ ಕೇಳ್ತೀನಿ (ಗದಗ)

ಸಿಡಿಲಿನ ಮಾತು ಒಪ್ಪಿದೆ. ಯಾರನ್ನೂ ಕಾಯಬೇಕಿಲ್ಲ. ಆದರೆ ಹೊಳೆಯ ಎಚ್ಚರಿಕೆಗೆ ವಾರಕ್ಕೊಂದು ಪರೀಕ್ಷೆ ಇಡಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಬುಧವಾರ ಮಾಡುತ್ತಾರಂತೆ. ನಮ್ಮಲ್ಲಿ ಆಯಾ ಊರಿನ ಸಂತೆಯ ದಿನ ಬೇಡ, ಗದ್ದಲದಲ್ಲಿ ಕೇಳಲ್ಲ. ಪರೀಕ್ಷೆ ಬಂದಾಗ ಡಬ್ಬಿ ಕೂಗುವುದೂ ಬೇಡ, ಹಸಿರು ದೀಪ ಹತ್ತಿ ಆರಲಿ. ವಾರ ಕಳೆದರೂ ಹಸಿರು ಹತ್ತದಿದ್ದರೆ ಎಲ್ಲೋ ಕೆಟ್ಟಿದೆ ಅಂತ ಮನೆಯವರಿಗೇ ತಿಳಿಯುತ್ತದೆ.

ವರದಾ ದಂಡೆ (ಹಾವೇರಿ)

ಇವರು ಮೊದಲ ಸಲ ಕೆಲಸದ ಮಾತು ಆಡಿದರು 😄

ಬೆಣ್ಣಿಹಳ್ಳದ ದಂಡೆ (ನವಲಗುಂದ ತಾಲೂಕು)

ಹಳ್ಳದ ಊರುಗಳ ಸಾಲು ನಾನು ಬರೆಯಲು ಶುರು ಮಾಡಿದ್ದೇನೆ. ಮೇಲೆ ದುಂಡಶಿ, ಕೆಳಗೆ ಮಲಪ್ರಭೆ ಸೇರುವ ಮೆಣಸಗಿ. ನಡುವೆ ನಮ್ಮ ಕಡೆ ಯಮನೂರು. ಕುಂದಗೋಳದವರು, ರೋಣದವರು ಯಾರಾದರೂ ಇದ್ದರೆ ನಿಮ್ಮ ಕಡೆಯ ಊರು ಸೇರಿಸಿ. ಯಾವ ಊರಿನ ಸೇತುವೆ ಮುಳುಗಿದ ಎಷ್ಟು ಹೊತ್ತಿಗೆ ನಿಮ್ಮಲ್ಲಿ ನೀರು ಬರುತ್ತದೆ ಅಂತ ಹಿರಿಯರನ್ನು ಕೇಳಿ ಬರೆಯಿರಿ. ಆ ಲೆಕ್ಕ ಯಾವ ಇಲಾಖೆಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಲ್ಯಾಬ್‌ನವರೇ, ಮೊದಲ ಡಬ್ಬಿ ಆದ ಮೇಲೆ ನಮ್ಮ ಹೊಲದ ಮನೆಗೆ ತನ್ನಿ. ಅಪ್ಪನ ಕೈಗೆ ಕೊಡೋಣ. ಅವರು ಬೈದದ್ದನ್ನೆಲ್ಲ ಬರೆದುಕೊಂಡು ಹೋಗಿ ಎರಡನೆಯದು ಮಾಡಿ.

ಕಪ್ಪತಗುಡ್ಡದ ನೆರಳು (ಮುಂಡರಗಿ)

ಒಂದು ಬಿಟ್ಟು ಹೋಯ್ತು. ಕುರಿಯವರು ಇವತ್ತು ಒಂದು ಹೊಲ, ನಾಳೆ ಮತ್ತೊಂದು ತಾಲೂಕು. ಅವರ ಡಬ್ಬಿಗೆ ಯಾವ ಊರಿನ ನಂಬರ್ ಹಾಕುತ್ತೀರಿ?

ವಿದ್ಯಾನಗರ ಲ್ಯಾಬ್ (ಹುಬ್ಬಳ್ಳಿ)

ಜಿಪಿಎಸ್ ಹಾಕಬಹುದು, ಆದರೆ ಬ್ಯಾಟರಿ ತಿನ್ನುತ್ತದೆ. ದಿನಕ್ಕೆ ಒಂದೇ ಸಲ, ಸಂಜೆ ಹಟ್ಟಿ ಹಾಕಿದ ಮೇಲೆ ಆನ್ ಮಾಡಿ ಜಾಗ ನೋಡಿಕೊಂಡರೆ ನಡೆಯುತ್ತದಾ?

ಕಪ್ಪತಗುಡ್ಡದ ನೆರಳು (ಮುಂಡರಗಿ)

ಸಂಜೆ ಬೇಡ. ಹಟ್ಟಿ ಹಾಕುವಾಗ ನಾಯಿ, ಮರಿ, ಅಡುಗೆ ಅಂತ ಡಬ್ಬಿ ಯಾರಿಗೂ ನೆನಪಾಗಲ್ಲ. ಊಟ ಆದ ಮೇಲೆ ಹಾಡು ಕೇಳಲು ರೇಡಿಯೋ ಹಚ್ಚುತ್ತಾರೆ ನೋಡಿ, ಆಗ ತಾನೇ ನೋಡಿಕೊಳ್ಳುವಂತೆ ಮಾಡಿ.